ಪೈಪು ಜೋಡಿಸಿದ್ದಾರೆ, ತಂತಿ ಬಿಟ್ಟಿದ್ದಾರೆ

ಗುರುವಾರ, ಫೆಬ್ರವರಿ 12

ಒಂಬತ್ತನೇ ಮೇಜಿನವಳಿಗೆ,

ಹೀಗೆ ಕರೆದು ಎಷ್ಟು ಕಾಲವಾಯಿತೋ. ಬೇರೆ ಬೇರೆ ಮನೆಯಲ್ಲಿದ್ದು ಆರು ವರ್ಷ. ಅದಕ್ಕೂ ಮುಂಚೆ ಹತ್ತು ವರ್ಷ ‘ಊಟ ಆಯ್ತಾ’, ‘ಬಾಗಿಲು ಹಾಕ್ಕೋ’ ಇಷ್ಟರಲ್ಲೇ ನಮ್ಮ ಸಂಸಾರ ಸಾಗಿತ್ತು. ವಿಚ್ಛೇದನದ ಕಾಗದ ಮಗಳ ಕೈಯಿಂದ ತಲುಪಿತು. ಇನ್ನು ಎಳೆಯೋದು ಬೇಡ, ತಿಂಗಳ ಕೊನೆಯೊಳಗೆ ಸಹಿ ಹಾಕಿ ಕಳಿಸಲಿ ಅಂದೆಯಂತೆ. ಸಹಿ ಹಾಕಿದ್ದೇನೆ. ಅದರ ಜೊತೆಗೆ ನಾಲ್ಕು ಮಾತು ಬರೆಯೋಣವೆಂದು ಕೂತಿದ್ದೇನೆ.

ಆಪರೇಷನ್ ಆಗಿ ಎರಡು ವರ್ಷವಾಗುತ್ತ ಬಂತು. ನೀನು ಗಾಜಿನ ಆಚೆ ಎರಡು ದಿನ ಕೂತಿದ್ದು, ನನಗೆ ಎಚ್ಚರವಾಗುವ ಹೊತ್ತಿಗೆ ಎದ್ದು ಹೋಗಿದ್ದು ಮಗಳು ಹೇಳಿದ್ದಾಳೆ. ಆ ಬಗ್ಗೆ ನಾನು ಈವರೆಗೆ ತುಟಿ ಬಿಚ್ಚಿಲ್ಲ. ತಪ್ಪು ನನ್ನದು.

ನನ್ನೆದೆಗೆ ಹಾಕಿದ ಯಾರೋ ಪುಣ್ಯಾತ್ಮರ ಹೃದಯ ಚೆನ್ನಾಗಿ ನಡೆಯುತ್ತಿದೆ. ಆದರೆ ಅದರ ಒಂದು ಸಂಗತಿ ನಮ್ಮಂಥ ಟೆಲಿಫೋನಿನವರಿಗೇ ಸರಿಯಾಗಿ ಅರ್ಥವಾಗುವಂಥದ್ದು. ರಕ್ತನಾಳಗಳನ್ನೆಲ್ಲ ಹೊಲಿದವರು ಮಿದುಳಿನಿಂದ ಹೃದಯಕ್ಕೆ ಬರುವ ನರಗಳನ್ನು ಹಾಗೇ ಬಿಟ್ಟಿದ್ದಾರೆ. ಅವನ್ನು ಹೊಲಿಯಲು ಬರುವುದಿಲ್ಲವಂತೆ. ತಪಾಸಣೆಯ ಡಾಕ್ಟರಮ್ಮನಿಗೆ ಹೇಳಿದೆ, ಪೈಪು ಜೋಡಿಸಿ, ತಂತಿ ಬಿಟ್ಟು, ಗುಂಡಿ ಮುಚ್ಚಿದ್ದೀರಲ್ಲಮ್ಮ, ನಮ್ಮಲ್ಲಾಗಿದ್ದರೆ ಮೆಮೋ ಕೊಡ್ತಿದ್ರು ಅಂತ. ನಿಮ್ಮ ಬಾಯಿಗೆ ಮಾತ್ರ ಎಲ್ಲ ತಂತೀನೂ ಸರಿಯಾಗಿದೆ ಬಿಡಿ ಅಂದಳು.

ತಂತಿ ಇಲ್ಲದ್ದರಿಂದ ಸುದ್ದಿ ರಕ್ತದಲ್ಲಿ ತೇಲಿಕೊಂಡೇ ಬರಬೇಕು. ಮೆಟ್ಟಿಲು ಹತ್ತುವಾಗ ಬಡಿತ ಏರುವುದಿಲ್ಲ, ಹತ್ತಿ ಮುಗಿಸಿ ಕುರ್ಚಿಯಲ್ಲಿ ಕೂತ ಮೇಲೆ ಏರುತ್ತದೆ. ನಾಯಿ ಮೈಮೇಲೆ ಬಂದರೆ, ಅದು ಬೀದಿ ದಾಟಿ ಹೋದ ಮೇಲೆ ನನ್ನೆದೆ ಹೊಡೆದುಕೊಳ್ಳುತ್ತದೆ.

ಆದರೆ ಹೃದಯವೇ ಒಂದು ಪ್ರೋಟೀನು ತಯಾರಿಸುತ್ತದಂತೆ, ನರಗಳನ್ನು ತನ್ನ ಕಡೆಗೆ ಕರೆಯುವ ಪ್ರೋಟೀನು. ಕತ್ತರಿಸಿದ ತುದಿಗಳು ಅದರ ಜಾಡು ಹಿಡಿದು ಎಳೆ ಎಳೆಯಾಗಿ ಬೆಳೆಯುತ್ತವೆ. ವರ್ಷಗಳೇ ಬೇಕು. ಕೆಲವರಿಗೆ ಅರೆಬರೆ ಬೆಳೆಯುತ್ತದೆ, ಕೆಲವರಿಗೆ ಇಲ್ಲವೇ ಇಲ್ಲ. ಅದೇ ಬಳಗದ ಇನ್ನೊಂದು ಪ್ರೋಟೀನು ಮಿದುಳಿಗೂ ಬೇಕು. ನಡೆದಾಡಿದರೆ ಅದು ಹೆಚ್ಚುತ್ತದೆ, ಕೊರಗುವವರಲ್ಲಿ ಕಡಿಮೆ ಇರುತ್ತದೆ ಎನ್ನುತ್ತಾರೆ. ತಲೆ ಕುಗ್ಗಿದರೆ ಎದೆಗೆ ಕೇಡು, ಎದೆ ಕುಗ್ಗಿದರೆ ತಲೆಗೆ ಕೇಡು, ಎದ್ದು ನಡೀರಿ ಅಂತ ಡಾಕ್ಟರಮ್ಮ ಗದರುತ್ತಾಳೆ.

ಹಾಗಾಗಿ ದಿನಾ ನಡೆಯುತ್ತೇನೆ. ದಾರಿಯಲ್ಲಿ ನಮ್ಮ ಹಳೆಯ ಎಕ್ಸ್‌ಚೇಂಜು ಸಿಗುತ್ತದೆ. ಅಲ್ಲೀಗ ಮಂಚ, ಸೋಫಾ ಮಾರುತ್ತಾರೆ. ನಿನ್ನ ಒಂಬತ್ತನೇ ಮೇಜಿದ್ದ ಕಿಟಕಿಯ ಹತ್ತಿರ ಒಂದು ಬೀರು ನಿಂತಿದೆ. ಅದರೆದುರಿನ ರಸ್ತೆಯಲ್ಲೇ ಅಲ್ಲವೇ ನಾನು ಗುಂಡಿಗಿಳಿದು, ಮೇಲೆ ಡೇರೆ ಕಟ್ಟಿಕೊಂಡು, ನಾನೂರು ಜೋಡಿ ತಂತಿ ಹೊಸೆಯುತ್ತಿದ್ದದ್ದು? ಒಂದೊಂದು ಜೋಡಿಗೂ ಪರೀಕ್ಷೆಯ ಫೋನಿನಲ್ಲಿ ನಿನ್ನನ್ನು ಕರೆಯಬೇಕು. ನಲವತ್ತೊಂದು ಕೇಳಿಸ್ತಾ? ಕೇಳಿಸ್ತು, ಮುಂದೆ. ಮುಖ ನೋಡದೆ ಏಳು ತಿಂಗಳು ಹೀಗೇ ಕಳೆಯಿತು. ಒಂದು ದಿನ ನೀನು, ರೀ ಗುಂಡಿಯೊಳಗಿನ ದನಿ, ನಿಮಗೆ ಮುಖ ಅಂತ ಒಂದಿದೆಯೋ ಇಲ್ವೋ ಅಂದೆ. ನಾನು ಮೈಯೆಲ್ಲ ಮಣ್ಣು ಮಾಡಿಕೊಂಡು ಹಾಗೇ ಮೇಲೆ ಹತ್ತಿ ಬಂದೆ. ನಿನ್ನ ಮೇಲ್ವಿಚಾರಕಿ, ಯಾರಪ್ಪ ನೀನು, ನೆಲ ಈಗ ತಾನೇ ಒರೆಸಿದ್ದಾರೆ ಅಂತ ಬೈದಳು. ನೀನು ತಲೆಗೆ ಹಾಕಿದ ಹೆಡ್‌ಫೋನು ತೆಗೆಯದೇ ನಕ್ಕೆ.

ಈಗ ಒಪ್ಪಿಕೊಳ್ಳಬೇಕಾದ ಮಾತು. ನಿನ್ನ ಅಮ್ಮ ತೀರಿಕೊಂಡ ದಿನ ಸುದ್ದಿ ಗುಂಡಿಗೆ ಬಂದಾಗ ಬೆಳಿಗ್ಗೆ ಹನ್ನೊಂದು. ನಾನು ಬಂದಿದ್ದು ಸಂಜೆ ಐದಕ್ಕೆ. ಆಸ್ಪತ್ರೆಯ ಲೈನು, ಅರ್ಧಕ್ಕೆ ಬಿಡೋ ಹಾಗಿರಲಿಲ್ಲ ಅಂದೆ. ಅದು ಸುಳ್ಳು. ಜೊತೆಗಿದ್ದವನು ನಾನು ಮುಗಿಸ್ತೀನಿ, ಹೋಗೋ ಮಾರಾಯ ಅಂದಿದ್ದ. ಬಂದು ನಿನ್ನೆದುರು ಏನು ಮಾಡಬೇಕೆಂದೇ ನನಗೆ ತಿಳಿಯಲಿಲ್ಲ. ಬಣ್ಣ ನೋಡಿ ತಂತಿ ಹೊಸೆಯುವುದು ತಿಳಿದಿತ್ತು, ಅದನ್ನೇ ಮಾಡುತ್ತ ಕೂತೆ. ಆ ಸಂಜೆ ನೀನು, ನಿಮ್ಮ ಎದೆಗೆ ಏನೂ ಮುಟ್ಟೋದೇ ಇಲ್ಲ ಅಲ್ವೇನ್ರೀ ಅಂದೆ. ಇಪ್ಪತ್ತು ದಿನದ ಮೇಲೆ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ನೀರು ಯಾಕೆ ಪೋಲು ಮಾಡ್ತೀರಿ ಅಂತ ನೀನು ಹೊರಗಿನಿಂದ ಕೂಗಿದೆ. ನಲ್ಲಿ ನಿಲ್ಲಿಸಿ, ಮುಖ ಒರೆಸಿಕೊಂಡು ಬಂದೆ. ಆಗಲೂ ಹೇಳಲಿಲ್ಲ.

ಅದೇ ವರ್ಷ ನೀನು ಮನೆ ಬಿಟ್ಟೆ. ನಿನ್ನದು ತಪ್ಪೆಂದು ನಾನು ಯಾರ ಹತ್ತಿರವೂ ಹೇಳಿಲ್ಲ, ಹೇಳುವುದೂ ಇಲ್ಲ.

ಮಗಳ ಹತ್ತಿರ ನನ್ನ ವಿಷಯ ವಿಚಾರಿಸುತ್ತಿರು. ಮಾತ್ರೆ ತಪ್ಪಿಸುತ್ತಿಲ್ಲ.

ಇಂತಿ,
ಗುಂಡಿಯೊಳಗಿನ ದನಿ

ತಾ.ಕ.: ಲಕೋಟೆ ಕೊಡವಿ ನೋಡಬೇಡ, ಸಹಿಯ ಕಾಗದ ಇದರಲ್ಲಿಲ್ಲ.

ಸೋಮವಾರ ಆಸ್ಪತ್ರೆಯಿಂದ ಬರುವಾಗ ಕನ್ನಡಕದ ಅಂಗಡಿಯಲ್ಲಿ ನೀನು ಕಂಡೆ. ಒಂದೊಂದೇ ಫ್ರೇಮು ಹಾಕಿ, ಕನ್ನಡಿಗೆ ಮುಖ ಓರೆ ಮಾಡಿ ನೋಡುತ್ತಿದ್ದೆ. ನಾನು ರಸ್ತೆಯ ಈಚೆ ನಿಂತು ಮಣಿಕಟ್ಟಿನ ನಾಡಿ ಹಿಡಿದೆ. ನಿಮಿಷಕ್ಕೆ ತೊಂಬತ್ತಾರು, ಈ ಹೃದಯ ಸುಮ್ಮನೆ ಕೂತಾಗಲೂ ಬಡಿಯುವಷ್ಟೇ. ಎದೆ ಮಿಸುಕಲೂ ಇಲ್ಲ. ಸರಿ, ಅಂದು ನೀನು ಹೇಳಿದ್ದೇ ನಿಜ, ಇಲ್ಲಿ ಇನ್ನೇನೂ ಉಳಿದಿಲ್ಲ ಎಂದುಕೊಂಡು, ಚೀಲದಲ್ಲಿದ್ದ ಕಾಗದ ತೆಗೆದು ಅಲ್ಲೇ ಬೆಂಚಿನ ಮೇಲೆ ಸಹಿ ಹಾಕಿದೆ. ಬಸ್ಸು ಹತ್ತಿ ಎರಡು ನಿಲ್ದಾಣ ದಾಟಿದ ಮೇಲೆ ಶುರುವಾಯಿತು ನೋಡು. ನೂರ ಇಪ್ಪತ್ತೆಂಟು. ಪಕ್ಕದವರು ಎದ್ದು ಕಿಟಕಿ ತೆರೆದುಕೊಟ್ಟರು. ಇಳಿದು, ನಡೆದು ವಾಪಸು ಬಂದೆ. ನೀನು ಹೊರಟುಹೋಗಿದ್ದೆ.

ಮೀಟರು ಕೆಟ್ಟಿದ್ದರೆ ಲೈನೇ ಸತ್ತಿದೆ ಅಂತ ಬರೆದುಕೊಳ್ಳುವ ತಪ್ಪನ್ನು ಮೂವತ್ತು ವರ್ಷ ಕೆಲಸ ಮಾಡಿದ ನಾನು ಮಾಡಿದೆ.

ಕಾಗದ ನಿನಗೆ ಬೇಕೇ ಬೇಕೆಂದರೆ ಒಂದು ಸಾಲು ಬರಿ, ಮರುದಿನವೇ ಕಳಿಸುತ್ತೇನೆ. ಬರೆಯದಿದ್ದರೆ ಮುಂದಿನ ಭಾನುವಾರ ಬೆಳಿಗ್ಗೆ ನಾನೇ ಬರುತ್ತೇನೆ. ನೀನು ಬಾಗಿಲು ತೆರೆದಾಗ ನಾನು ಕಂಬದ ಹಾಗೆ ನಿಂತಿದ್ದರೆ ಒಡನೆ ಮುಚ್ಚಿಬಿಡಬೇಡ. ಐದು ನಿಮಿಷ ಕೊಡು.