ಇಪ್ಪತ್ತೆರಡು ಮೀಟರಿನ ಅನುಮತಿ

ಮಾನ್ಯ ಸಂಚಾರ ನಿರ್ದೇಶಕರೇ,

ದಡದ ಮೇಲಿನ ನಿಮ್ಮ ತಿದ್ದುಪಡಿ ಕೇಂದ್ರ ಕೆಟ್ಟು ಐದು ತಿಂಗಳಾಗಿತ್ತು. ನೀವು ದೋಣಿಗಳಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನನ್ನ ತಮ್ಮ ಸತ್ತ. ಕೇಂದ್ರ ಇವತ್ತಿಗೂ ಕೆಟ್ಟೇ ಇದೆ. ದೂರು ಇಷ್ಟೇ, ಉಳಿದದ್ದು ವಿವರ.

ಇದು ಬಹಿರಂಗ ಪತ್ರ, ಹಾಗಾಗಿ ತಿಳಿಯದವರಿಗಾಗಿ ಒಂದು ಮಾತು. ಉಪಗ್ರಹ ತೋರಿಸುವ ಜಾಗ ನಿಜವಾದ ಜಾಗಕ್ಕಿಂತ ತುಸು ಅತ್ತಿತ್ತ ಇರುತ್ತದೆ. ಎಷ್ಟು ತಪ್ಪಿದೆಯೆಂದು ದಡದ ಕೇಂದ್ರ ಲೆಕ್ಕ ಹಾಕಿ ಸಾರುತ್ತದೆ. ದೋಣಿಯ ಯಂತ್ರ ಅದನ್ನು ಕೇಳಿ ತಿದ್ದಿಕೊಳ್ಳುತ್ತದೆ. ನಡುಗಡಲಲ್ಲಿ ಆ ತುಸುವನ್ನು ಕೇಳುವವರಾರು? ನಮ್ಮ ಬಂದರಿನ ಬಾಯಿ ಮಾತ್ರ ನಲವತ್ತೇ ಮೀಟರ್ ಅಗಲ, ಎರಡೂ ಕಡೆ ಬಂಡೆ; ನಟ್ಟನಡುವಿನಿಂದ ಬಂಡೆಗೆ ಇಪ್ಪತ್ತೇ ಮೀಟರ್.

ನಾನು ಹದಿನೇಳು ವರ್ಷದಿಂದ ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಕೂತವಳು. ಅವತ್ತು ಬೆಳಿಗ್ಗೆ ಎಂಟಕ್ಕೂ ಕಿಟಕಿಯಾಚೆಯ ಧ್ವಜಕಂಬ ಕಾಣದಷ್ಟು ಮಂಜು. ನನ್ನ ತಮ್ಮ ತನ್ನ ದೋಣಿಯಿಂದ ಕರೆದ. "ಅಕ್ಕಾ, ಕಣ್ಣಿಗೆ ಏನೂ ಕಾಣ್ತಿಲ್ಲ. ಯಂತ್ರ ಮಾತ್ರ ದಾರಿ ಮಧ್ಯದಲ್ಲೇ ಇದ್ದೀಯ ಅಂತಿದೆ. ಬರ್ಲಾ?"

"ಅದು ತೋರಿಸಿದ ಹಾಗೇ ಬಾ," ಅಂದೆ. "ಟೀ ತಣ್ಣಗಾಗ್ತಿದೆ."

"ನಿನ್ನ ಟೀ ಬಿಸಿ ಇದ್ರೂ ಅಷ್ಟೇ, ತಣ್ಣಗಿದ್ರೂ ಅಷ್ಟೇ ಬಿಡು," ಅಂದ. ಆಮೇಲೆ ಬರೀ ಕರಕರ ಸದ್ದು. ಅವನನ್ನು ಹನ್ನೊಂದು ಸಲ ಕರೆದೆನೆಂದು ದಿನಚರಿಯಲ್ಲಿದೆ, ನನ್ನದೇ ಅಕ್ಷರ. ನನಗೆ ನೆನಪಿಲ್ಲ. ಜೊತೆಗಿದ್ದ ಇಬ್ಬರು ಬಂಡೆ ಹಿಡಿದು ಬದುಕಿದರು.

ನಿಮ್ಮ ವರದಿ ಬಂತು: 'ಇಪ್ಪತ್ತೆರಡು ಮೀಟರ್ ವ್ಯತ್ಯಾಸವು ಅನುಮತಿಸಿದ ಮಿತಿಯೊಳಗಿದೆ.' ಓದಿದರೆ ಅಳುವೂ ಬರಲಿಲ್ಲ. ಅನುಮತಿ ಕೊಡುವ ಮುಂಚೆ ಬಂಡೆಯನ್ನು ಒಂದು ಮಾತು ಕೇಳಿದ್ದಿರಾ? ಕೇಂದ್ರ ಕೆಟ್ಟಿರುವ ಸೂಚನೆಯನ್ನು ನಿಮ್ಮ ಮೂರನೆಯ ಮಹಡಿಯ ಫಲಕಕ್ಕೆ ಅಂಟಿಸಿದ್ದಿರಂತೆ. ದೋಣಿಗಳು ಮಹಡಿ ಹತ್ತುವುದಿಲ್ಲ, ಮಾನ್ಯರೇ.

ತಮ್ಮನ ಹೆಂಡತಿ ಕೇಳಿದಳು, "ಅತ್ತಿಗೆ, ಯಾರ ತಪ್ಪಂತೆ?"

"ಯಾರದೂ ಅಲ್ಲವಂತೆ," ಅಂದೆ. ಅವಳು ಒಲೆ ಹಚ್ಚಿದಳು. ನಾನು ತಟ್ಟೆ ತೊಳೆದೆ.

ಅಂದಿನಿಂದ ಮಂಜಿದ್ದರೆ ನಾನು ಯಾರನ್ನೂ ಒಳಗೆ ಕರೆದಿಲ್ಲ. ಕರಗುವವರೆಗೆ ಹೊರಗೇ ನಿಲ್ಲಿ ಅನ್ನುತ್ತೇನೆ. ದೋಣಿಯವರು ಬೈಯುತ್ತಾರೆ, ಆದರೆ ನಿಲ್ಲುತ್ತಾರೆ. ಒಬ್ಬರೂ ಬಂಡೆಗೆ ಬಡಿದಿಲ್ಲ. ಈಗ ನಿಮ್ಮಿಂದ ನೋಟಿಸು: ದೋಣಿಗಳನ್ನು ಅನಗತ್ಯವಾಗಿ ತಡೆದದ್ದಕ್ಕೆ ಏಳು ದಿನಗಳೊಳಗೆ ಕಾರಣ ಕೊಡಬೇಕಂತೆ. ಐದು ತಿಂಗಳ ಮೌನಕ್ಕೆ ಕಾರಣ ಬೇಡ, ಎರಡು ಗಂಟೆಯ ತಡಕ್ಕೆ ಬೇಕು. ಇರಲಿ, ಕೊಟ್ಟಿದ್ದೇನೆ, ಊರೆಲ್ಲ ಓದಲಿ.

ಕೇಂದ್ರವನ್ನು ರಿಪೇರಿ ಮಾಡಿಸಿ. ಅಲ್ಲಿಯವರೆಗೆ, ಅದು ಕೆಟ್ಟಿದೆಯೆಂದು ದಿನಕ್ಕೆರಡು ಸಲ ವೈರ್‌ಲೆಸ್ಸಿನಲ್ಲಿ ಸಾರಲು ಅಪ್ಪಣೆ ಕೊಡಿ. ಕೊಡದಿದ್ದರೂ ನಾಳೆ ಆರು ಗಂಟೆಗೆ ಸಾರುತ್ತೇನೆ.

ಇಂತಿ,
ನಾಳೆ ಏಳು ಗಂಟೆಗೆ ಕೆಲಸದಲ್ಲಿ ಇರುತ್ತಾಳೋ ಇಲ್ಲವೋ ತಿಳಿಯದ,
ಬಂದರಿನ ವೈರ್‌ಲೆಸ್ ಕೋಣೆಯವಳು