ನನ್ನ ಮಂಡಿ, ನಿಮ್ಮಮ್ಮನ ಕಂಬ

ನಾಲ್ಕನೇ ಮಹಡಿ, ಅಡುಗೆಮನೆ ಕಿಟಕಿಯ ಪಕ್ಕ
ಮಾರ್ಚ್ ಹನ್ನೊಂದು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಮೆಣಸಿನಕಾಯಿಗೆ,

ಅಜ್ಜಿಯ ಆಶೀರ್ವಾದ. ಹೇಗಿದ್ದೀಯೆ? ಹಾಸ್ಟೆಲಿನ ನೀರಿಗೆ ಕೂದಲು ಉದುರುತ್ತಿದೆ ಅಂದಿದ್ದೆಯಲ್ಲ, ನಿಂತಿತಾ? ಹೊತ್ತಿಗೆ ಸರಿಯಾಗಿ ಉಣ್ಣು. ನರ್ಸಿಂಗ್ ಕಲಿಯಲು ಹೋದವಳು, ಹೋದ ತಿಂಗಳ ಫೋಟೋದಲ್ಲಿ ನಿನ್ನನ್ನೇ ವಾರ್ಡಿಗೆ ಸೇರಿಸಬೇಕು ಅನ್ನುವ ಹಾಗೆ ಕಾಣುತ್ತಿದ್ದೆ. ಫೋನಿದ್ದೂ ಈ ಮುದುಕಿ ಯಾಕೆ ಕಾಗದ ಬರೆಯುತ್ತಿದ್ದಾಳೆ ಅಂತ ಹುಬ್ಬೇರಿಸಬೇಡ. ನಿನ್ನ ಫೋನು ಬಂದರೆ ನಿಮ್ಮಪ್ಪ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾನೆ. ನಾನು ಹೇಳಬೇಕಾದದ್ದು ಅವನ ಕಿವಿಗೆ ಬೀಳಬಾರದ್ದು. ಇಸ್ತ್ರಿಯವಳು ನಾಲ್ಕು ಗಂಟೆಗೆ ಬರುತ್ತಾಳೆ, ಬಟ್ಟೆ ಗಂಟಿನೊಳಗೆ ಇದನ್ನು ತುರುಕಿ ಕಳಿಸುತ್ತೇನೆ, ಅವಳೇ ಅಂಚೆಗೆ ಹಾಕುತ್ತಾಳೆ. ಮೂರನೇ ಕ್ಲಾಸಿಗೇ ನಿಂತುಹೋದ ಅಕ್ಷರ, ನಿಧಾನವಾಗಿ ಓದಿಕೋ.

ಮೊದಲು ನನ್ನ ಅವಸ್ಥೆ ಕೇಳು. ನಾನು ಈ ಮನೆಯಿಂದ ಹೊರಗೆ ಕಾಲಿಟ್ಟು ಹದಿನೇಳು ದಿನ ಆಯಿತು. ನಾಲ್ಕು ಕಾಲಿನ ಒಂದು ತಗಡಿನ ಚೌಕಟ್ಟು ತಂದಿದ್ದಾನೆ ನಿಮ್ಮಪ್ಪ, ವಾಕರ್ ಅಂತೆ, ಅದನ್ನು ಕುಕ್ಕಿಕೊಂಡೇ ನಡೆಯಬೇಕು. ಬಚ್ಚಲಿನ ಗೋಡೆಗೆ ಮೂರು ಕಡೆ ಹಿಡಿಕೆ ಜಡಿಸಿದ್ದಾನೆ. ಮೆಟ್ಟಿಲು ಇಳಿಯುವಂತಿಲ್ಲ, ಲಿಫ್ಟು ನಡುವೆ ಕೆಟ್ಟು ನಿಂತರೆ ಅಂತ ಅದನ್ನೂ ಹತ್ತುವಂತಿಲ್ಲ. ಟೆರೇಸಿಗೆ ಹೋಗಿ ಎರಡನೇ ಮನೆಯ ಮುದುಕಿಯ ಜೊತೆ ಅವಳ ಸೊಸೆಯನ್ನು ಬೈಯುವ ಸುಖವೂ ಹೋಯಿತು. ಕಿಟಕಿಯಲ್ಲಿ ಎದುರು ಕಟ್ಟಡದ ಪೈಪುಗಳು, ಅದರ ಮೇಲೊಂದು ಪಾರಿವಾಳ. ಅದಕ್ಕೂ ನನ್ನ ಮುಖ ನೋಡಿ ನೋಡಿ ಬೇಜಾರಾಗಿರಬೇಕು. ಬೆಂಕಿ ಬಿದ್ದರೆ ಜನ ಯಾವ ಬಾಗಿಲಿಂದ ಓಡಬೇಕು ಅಂತ ಊರಿನ ಕಟ್ಟಡಗಳನ್ನೆಲ್ಲ ತಪಾಸಣೆ ಮಾಡುವುದು ನಿಮ್ಮಪ್ಪನ ಉದ್ಯೋಗ. ಹೆತ್ತ ತಾಯಿಗೆ ಮಾತ್ರ ಒಂದು ಬಾಗಿಲೂ ಬಿಡಲಿಲ್ಲ.

ಇಷ್ಟೆಲ್ಲ ನನ್ನ ಮಂಡಿನೋವಿಗೆ. ಆ ಮಂಡಿನೋವು ನನಗೆ ಇಲ್ಲವೇ ಇಲ್ಲ ಕಣೇ.

ಬಾಯಿ ಮುಚ್ಚಿಕೊಂಡು ಮುಂದೆ ಓದು. ನಿಮ್ಮಮ್ಮನ ಭುಜ ಹಿಡಿದುಕೊಂಡಿದ್ದು ನಿನಗೆ ಗೊತ್ತಲ್ಲ. ಹದಿನೆಂಟು ವರ್ಷ ಆ ಅಂಗಡಿಯಲ್ಲಿ ಊರವರ ಪ್ಯಾಂಟು ಗಿಡ್ಡ ಮಾಡಿ, ಸೊಂಟ ಹಿಗ್ಗಿಸಿ, ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ತಾನೇ ಗಿಡ್ಡವಾಗುತ್ತಿದ್ದಳು. ನೀನು ಹೋದ ಮೇಲೆ ಇನ್ನೂ ಹೆಚ್ಚಾಯಿತು. ಮೇಲಿನ ಶೆಲ್ಫಿನ ಡಬ್ಬಿಗೆ ಕೈ ಎಟುಕದು, ತಲೆ ಬಾಚಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ನಾನೇ ಜಡೆ ಹಾಕಿ ಕಳಿಸುತ್ತಿದ್ದೆ, ನಲವತ್ತಾರು ವರ್ಷದ ಹೆಂಗಸಿಗೆ. ಡಾಕ್ಟರು ಮಾತ್ರೆ ಬೇಡ, ಇಡೀ ಮೈಗೆ ಕೆಲಸ ಕೊಡಿ ಅಂದರು. ಅವಳ ಅಂಗಡಿಯ ಮೇಲಿನ ಮಹಡಿಯಲ್ಲೇ ಪೋಲ್ ಫಿಟ್ನೆಸ್ ಅಂತ ಒಂದು ಕ್ಲಾಸು ಶುರುವಾಗಿತ್ತು, ಹೊಸಬರಿಗೆ ಮಂಗಳವಾರ, ಶುಕ್ರವಾರ ಐದು ಗಂಟೆಗೆ. ನೆಲದಿಂದ ಸೂರಿನವರೆಗೆ ಉಕ್ಕಿನ ಕಂಬ, ಅದನ್ನು ಹಿಡಿದು ವ್ಯಾಯಾಮ. ನಿಮ್ಮಮ್ಮ ಊಟಕ್ಕೆ ಕೂತಾಗ ಮೆಲ್ಲಗೆ ಬಾಯಿ ಬಿಟ್ಟಳು. ನಿಮ್ಮಪ್ಪ ತುತ್ತು ಕೆಳಗಿಟ್ಟು, "ಸಿನಿಮಾದಲ್ಲಿ ಕುಣಿಯೋರು ಹತ್ತೋ ಕಂಬಾನಾ? ಮರ್ಯಾದೆ ಹೋಗುತ್ತೆ, ಸೊಂಟಾನೂ ಮುರಿಯುತ್ತೆ, ಬೇಡ" ಅಂದ. ಅವಳು ಹೂಂ ಅಂದು ಪಾತ್ರೆ ತೊಳೆಯಲು ಎದ್ದಳು. ಬೆನ್ನು ನೋಡಿದೆ ನಾನು. ಅಲ್ಲೇ ಕೂತಲ್ಲೇ, ಅಯ್ಯೋ ನನ್ನ ಮಂಡಿ ಅಂದುಬಿಟ್ಟೆ.

ವಾರಕ್ಕೆರಡು ದಿನ ನನ್ನ ಮಂಡಿಗೆ ವ್ಯಾಯಾಮ ಮಾಡಿಸಬೇಕು, ಕೈ ಹಿಡಿದು ಕರೆದುಕೊಂಡು ಹೋಗಲು ಸೊಸೆ ಬೇಕು ಅಂತ ಕಥೆ ಕಟ್ಟಿದೆ. ಸುಳ್ಳಿನಲ್ಲಿ ನನ್ನದು ಒಳ್ಳೆ ಹೊಲಿಗೆ, ಒಂದು ನೂಲೂ ಆಚೆ ಕಾಣಲಿಲ್ಲ. ಐದು ತಿಂಗಳು ಮನೆಯಿಂದ ಬೀದಿ ತಿರುವಿನವರೆಗೆ ಕುಂಟುವುದು, ತಿರುವು ದಾಟಿದ ಮೇಲೆ ನಿಮ್ಮಮ್ಮನನ್ನೇ ಹಿಂದೆ ಹಾಕಿ ನಡೆಯುವುದು.

ಅಲ್ಲಿ ನಾನು ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದೆ. ಕಲಿಸುವವಳು ಗಟ್ಟಿ ಹೆಂಗಸು, ಹಿಂದೆ ಶಾಲೆಯಲ್ಲಿ ಆಟ ಆಡಿಸುವ ಟೀಚರಾಗಿದ್ದಳಂತೆ. ಕುಣಿತವೂ ಇಲ್ಲ, ಮಣಿತವೂ ಇಲ್ಲ. ಮೊದಲು ಅರ್ಧ ಗಂಟೆ ಮಣಿಕಟ್ಟು, ಭುಜ, ಸೊಂಟ ತಿರುಗಿಸಿ ಮೈ ಬೆಚ್ಚಗೆ ಮಾಡಿಸುತ್ತಾಳೆ. ಆಮೇಲೆ ಕಂಬ ಒರೆಸಿ, ಹಿಡಿದುಕೊಂಡು ಸುತ್ತ ನಡೆಸುತ್ತಾಳೆ. ಎರಡೂ ಕೈಯಲ್ಲಿ ಹಿಡಿದು ಕಾಲು ಮೇಲೆತ್ತು ಅಂದ ದಿನ ನಿಮ್ಮಮ್ಮನ ಕಾಲು ನೆಲಕ್ಕೆ ಮೊಳೆ ಹೊಡೆದ ಹಾಗಿತ್ತು. ಬಟ್ಟೆ ಜಾರುತ್ತದೆ, ಕಂಬಕ್ಕೆ ಅಂಟುವುದು ಬರೀ ಚರ್ಮ, ಅದಕ್ಕೇ ಚಡ್ಡಿ. ನಿಮ್ಮಮ್ಮ ಮೊದಲ ವಾರ ಚಡ್ಡಿಯನ್ನು ಮಂಡಿವರೆಗೆ ಎಳೆದೆಳೆದು ಅರ್ಧ ಕ್ಲಾಸು ಕಳೆದಳು. "ಎಳೀಬೇಡ್ವೇ, ಇಲ್ಲಿ ನಿನ್ನ ಕಾಲು ನೋಡೋಕೆ ಯಾರಿಗೂ ಪುರುಸೊತ್ತಿಲ್ಲ, ಅವರವರ ಉಸಿರು ಅವರಿಗೆ ಸಾಕಾಗಿದೆ" ಅಂದೆ. ಬಲಕ್ಕೆ ಮಾಡಿದ್ದನ್ನು ಎಡಕ್ಕೂ ಮಾಡಬೇಕು, ಇಲ್ಲದಿದ್ದರೆ ಮೈ ಒಂದೇ ಕಡೆ ಬಲಿಯುತ್ತದಂತೆ. ಮಾರನೇ ದಿನ ತೋಳು, ಬೆನ್ನು, ಹೊಟ್ಟೆ, ತೊಡೆ, ಕೊನೆಗೆ ಬೆರಳ ಸಂದಿಯೂ ನೋವು. "ಅತ್ತೆ, ಇಲ್ಲೆಲ್ಲ ನನಗೆ ಮೈ ಇದೆ ಅಂತಾನೇ ಗೊತ್ತಿರಲಿಲ್ಲ" ಅಂತ ನಕ್ಕಳು. ಎರಡನೇ ತಿಂಗಳಿಗೆ ಹತ್ತು ಎಣಿಸುವವರೆಗೆ ನೆಲ ಬಿಟ್ಟಿದ್ದಳು. ನಾಲ್ಕನೇ ತಿಂಗಳಿಗೆ ಕಂಬದ ಸುತ್ತ ಒಂದು ಸುತ್ತು ತಿರುಗಿ ಮೆತ್ತಗೆ ಇಳಿದಳು. ಮದುವೆಯಾಗಿ ಬಂದ ಮೇಲೆ ಅಂಥ ಮುಖ ಅವಳಲ್ಲಿ ನಾನು ನೋಡಿರಲಿಲ್ಲ. ಒಂದು ದಿನ ಮೇಲಿನ ಶೆಲ್ಫಿನಿಂದ ದೊಡ್ಡ ಪಾತ್ರೆ ಇಳಿಸಿದಳು, ಇಳಿಸಿದ್ದು ಅವಳಿಗೇ ತಿಳಿಯಲಿಲ್ಲ. ದೃಷ್ಟಿಯಾದೀತು ಅಂತ ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ಕೆಡಿಸಿದ್ದು ನಾನೇ. ತೊಡೆಯಲ್ಲಿ, ತೋಳಿನಲ್ಲಿ ಕಂದಿದ ಗುರುತು ನೋಡಿ ಸುಮ್ಮನಿರಲಾಗಲಿಲ್ಲ. ಶುಕ್ರವಾರ ಟೀಚರು ರಜೆ, ಅದರ ಬದಲು ಫೆಬ್ರವರಿ ಇಪ್ಪತ್ತೆರಡು ಶನಿವಾರ ಕ್ಲಾಸು. ಬೆಳಿಗ್ಗೆ ಬಿಸಿ ಎಣ್ಣೆ ಮಾಡಿ ಅವಳ ತೋಳು, ಕಾಲು, ಅಂಗೈ ಎಲ್ಲ ಚೆನ್ನಾಗಿ ತಿಕ್ಕಿದೆ. ಮೈಗೆ ಎಣ್ಣೆಯ ಪಸೆ ಇದ್ದರೆ ಕಂಬ ಹಿಡಿಯಬಾರದು ಅಂತ ಟೀಚರು ಮೊದಲ ದಿನವೇ ಹೇಳಿದ್ದಳಂತೆ. ನಾನು ಆಗ ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ಸ್ನಾನ ಮಾಡಿದ್ದೇನಲ್ಲ ಅಂತ ನಿಮ್ಮಮ್ಮನೂ ಸುಮ್ಮನಾದಳು. ಎಣ್ಣೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಸುತ್ತು ಶುರು ಮಾಡಿದವಳು ಸರ್ರನೆ ಜಾರಿ ಚಾಪೆಯ ಮೇಲೆ ಧೊಪ್ಪನೆ ಬಿದ್ದಳು. ಮಣಿಕಟ್ಟು ಉಳುಕಿತು. ಮನೆಗೆ ಬಂದಾಗ ಒಬ್ಬಳು ಕುಂಟಿ, ಒಬ್ಬಳು ಕೈಗೆ ಬಟ್ಟೆ ಕಟ್ಟಿಕೊಂಡವಳು. ನಿಮ್ಮಪ್ಪ ಬಾಗಿಲಲ್ಲೇ ನಿಂತಿದ್ದ. ನನ್ನ ಬಾಯಿ ಸುಮ್ಮನಿರುತ್ತದೆಯೇ? ಮೆಟ್ಟಿಲಲ್ಲಿ ನನ್ನ ಮಂಡಿ ಕೈಕೊಟ್ಟಿತು, ಪಾಪ ಹಿಡಿಯಲು ಬಂದು ಅವಳೂ ಬಿದ್ದಳು ಅಂದೆ. ಅವತ್ತಿನಿಂದ ಶುರು ಈ ಸೆರೆವಾಸ.

ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ. ಎಪ್ಪತ್ತಮೂರರ ಮೂಳೆ ಸವೆಯದೆ ಚಿಗುರುತ್ತದೆಯೇ? ಡಾಕ್ಟರು ನೋವು ತಡೆಯಲಾಗುತ್ತಿದೆಯೇ ಅಂತ ನನ್ನನ್ನು ಕೇಳಿದರು. ಎಡಕ್ಕೆ ನಿಮ್ಮಪ್ಪ, ಬಲಕ್ಕೆ ನಿಮ್ಮಮ್ಮ. ಇಲ್ಲ ಅಂದೆ. ಹಾಗಿದ್ದರೆ ಮಂಡಿ ಬದಲಾಯಿಸೋಣ ಅಂದರು, ತೂತು ಬಿದ್ದ ಟ್ಯೂಬು ಬದಲಾಯಿಸಿದ ಹಾಗೆ. ಇಪ್ಪತ್ತನಾಲ್ಕನೇ ತಾರೀಕು ಸೋಮವಾರಕ್ಕೆ ಗೊತ್ತಾಗಿದೆ. ನಿಮ್ಮಮ್ಮ ಮೂರು ಸಲ ನಿಜ ಹೇಳುತ್ತೇನೆ ಅಂತ ಹೊರಟಳು, ಮೂರು ಸಲವೂ ಸೆರಗು ಹಿಡಿದು ಕೂರಿಸಿದೆ. ಅವಳು ಹೇಳಿದರೆ ಆ ಕಂಬಕ್ಕೆ ಅವಳ ಕೈ ಇನ್ನು ಮುಟ್ಟುವುದಿಲ್ಲ. ಕೈ ವಾಸಿಯಾಗಿದೆ, ಆದರೆ ಕ್ಲಾಸು ತಪ್ಪಿದ ಈ ಎರಡು ವಾರಕ್ಕೇ ಭುಜ ಮತ್ತೆ ಬಿಗಿಯುತ್ತಿದೆ. ನಿನ್ನೆ ಬಾಚಣಿಗೆ ತಂದು ನನ್ನ ಮುಂದೆ ಕೂತಳು. ಹೇಳಿದರೆ ಅವಳಿಗೆ ಸೆರೆ, ಹೇಳದಿದ್ದರೆ ನನ್ನ ಕಾಲಿಗೆ ಕತ್ತಿ.

ಅದಕ್ಕೇ ನಿನಗೆ ಬರೆಯುತ್ತಿರುವುದು. ನಿಮ್ಮಪ್ಪನಿಗೆ ಈಗ ನಿನ್ನ ಮಾತೇ ದೊಡ್ಡ ಡಾಕ್ಟರ ಮಾತು. ಅಜ್ಜಿಯ ವಯಸ್ಸಿಗೆ ಆಪರೇಷನ್ ಬೇಡ, ಮೊದಲಿನ ಹಾಗೆ ವಾರಕ್ಕೆರಡು ದಿನ ವ್ಯಾಯಾಮಕ್ಕೆ ಕಳಿಸಿದರೆ ಸಾಕು ಅಂತ ಫೋನು ಮಾಡಿ ಗದರು. ಚೆನ್ನಾಗಿರು. ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಹಿಡಿದ ಕೆಲಸ ಮುಗಿಸಿ ಬಾ. ನಿನ್ನ ಜೊತೆಯ ಹುಡುಗಿಯರಿಗೂ ಈ ಮುದುಕಿ ಕೇಳಿದಳೆಂದು ಹೇಳು.

ಇತಿ, ಗಟ್ಟಿ ಮಂಡಿಯ
ನಿನ್ನ ಅಜ್ಜಿ

ಮರೆತ ಮಾತು: ಮೇಲೆ ಹೇಳಿದ ಫೋನು ಮಾಡಬೇಡ! ಈಗಷ್ಟೇ, ಮೂರೂವರೆಗೆ, ನಿಮ್ಮಪ್ಪ ಆಸ್ಪತ್ರೆಯ ಕಾಗದ ಹಿಡಿದು ಬಂದ. ಈ ಪತ್ರವನ್ನು ಮಣೆ ಕೆಳಗೆ ತಳ್ಳಿದೆ. "ಇಲ್ಲಿ ಸಹಿ ಹಾಕಮ್ಮ" ಅಂದ. ಪೆನ್ನು ಹಿಡಿದೆ, ಕೈ ಬರಲಿಲ್ಲ. ಮಂಡಿ ನೋವಿಲ್ಲ ಅಂದೆ. "ಹಾಗಿದ್ರೆ ಐದು ತಿಂಗಳು ಎಲ್ಲಿಗೆ ಹೋಗ್ತಿದ್ದೆ?" ಅಂದ. "ಕಂಬ ಹತ್ತೋಕೆ" ಅಂದೆ. "ಯಾರು?" "ನಾನೇ ಕಣೋ. ನಿನ್ನ ಹೆಂಡತಿ ಚೀಲ ಹಿಡ್ಕೊಂಡು ಕೂತಿರ್ತಾಳೆ." ಬಿರುಕು ಬಿಟ್ಟ ಕಟ್ಟಡ ನೋಡುವ ಹಾಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತಾಯಿಗೆ ಬೈಯುವಂತಿಲ್ಲ, ನಂಬುವಂತಿಲ್ಲ. ಕೊನೆಗೆ, "ಮುಂದಿನ ವಾರ ಶುಕ್ರವಾರ ನಾನೂ ಬರ್ತೀನಿ, ಆ ಕಂಬದ ಬೋಲ್ಟು ನೋಡಬೇಕು, ನೀನು ಹತ್ತೋದೂ ನೋಡಬೇಕು, ಅಲ್ಲೀವರೆಗೆ ಆಸ್ಪತ್ರೆಯೋರಿಗೆ ತಡೀರಿ ಅಂತೀನಿ" ಅಂದ. ಆದ್ದರಿಂದ ಇಪ್ಪತ್ತೊಂದಕ್ಕೆ ಒಂದು ದಿನ ರಜಾ ಹಾಕಿ ನೀನು ಬರಲೇಬೇಕು. ನಾನು ಕಂಬ ಹಿಡಿದು ಒಂದು ಕಾಲು ಎತ್ತಿ, ಏದುಸಿರು ಬಿಟ್ಟು, ನನ್ನ ಕೈಲಾಗಲ್ಲ ಸೊಸೆಯೇ, ನೀನೇ ಮಾಡಿ ತೋರಿಸು ಅನ್ನುತ್ತೇನೆ. ಅವಳು ಬೆಳಿಗ್ಗೆಯಿಂದ ಎಣ್ಣೆ ಮುಟ್ಟದಂತೆ ನಾನು ಕಾವಲಿರುತ್ತೇನೆ. ನೀನು ನಿಮ್ಮಪ್ಪನ ಪಕ್ಕದ ಕುರ್ಚಿಯಲ್ಲಿ ಕೂತು, ನಿಮ್ಮಮ್ಮ ಒಂದು ಸುತ್ತು ತಿರುಗಿ ಕಾಲು ನೆಲಕ್ಕೆ ಊರುವವರೆಗೆ ಅವನು ಎದ್ದು ಹೋಗದ ಹಾಗೆ ಕೈ ಬಿಗಿಯಾಗಿ ಹಿಡಿದುಕೋ. ಅಷ್ಟು ಹೊತ್ತು ನೋಡಿದ ಮೇಲೂ ಬೇಡ ಅಂದರೆ, ಆಗ ಅವನನ್ನು ನಾನು ನೋಡಿಕೊಳ್ಳುತ್ತೇನೆ.