ಕೊನೆಯ ವಿಮಾನ ಇಳಿಯುವವರೆಗೆ

೧೪ ಏಪ್ರಿಲ್ ೨೦೨೦, ಡೀಮೆನ್, ನೆದರ್ಲೆಂಡ್ಸ್

ಟಿಕೆಟ್ ಮೂರನೇ ಸಲ ರದ್ದಾಯಿತು. ಭಾರತ ಹೊರಗಿನ ವಿಮಾನಗಳನ್ನು ಇಳಿಯಗೊಡುತ್ತಿಲ್ಲ. ಇನ್ನೂ ಕಾಯಬೇಕಂತೆ. ಕಾಯಲು ಅಪ್ಪನ ಬಳಿ ದಿನಗಳೆಲ್ಲಿವೆ?

ಎಪ್ಪತ್ತೊಂದರ ಯುದ್ಧದಲ್ಲಿ ಅಪ್ಪ ಬಂಗಾಳ ಕೊಲ್ಲಿಯಲ್ಲಿ, ವಿಕ್ರಾಂತ್ ಹಡಗಿನ ಡೆಕ್ ಮೇಲಿದ್ದರು. ಬಾಂಬು ಹಾಕಲು ಹೋದ ವಿಮಾನಗಳು ಮರಳಿ ಇಳಿಯುವಾಗ ಡೆಕ್ಕಿನ ದೀಪ ನೋಡಿಕೊಳ್ಳುವುದು ಅವರ ಕೆಲಸ. ಕೊನೆಯದು ಇಳಿಯುವವರೆಗೆ ಆರಿಸುವಂತಿರಲಿಲ್ಲ. ಚಿಕ್ಕವಳಿದ್ದಾಗ ಇದನ್ನೇ ಕೇಳಿ ಕೇಳಿ ನನಗೆ ಬೇಜಾರಾಗುತ್ತಿತ್ತು.

ಈಗ ಧಾರವಾಡದ ಆಸ್ಪತ್ರೆಯಲ್ಲಿ, ಜ್ವರದ ಭ್ರಮೆಯಲ್ಲಿ, ಎರಡು ರಾತ್ರಿಯಿಂದ ವಾರ್ಡಿನ ದೀಪ ಆರಿಸಲು ಬಿಡುತ್ತಿಲ್ಲ. "ತಡೀರಿ, ಇನ್ನೊಂದು ಬರೂದೈತಿ" ಅನ್ನುತ್ತಾರಂತೆ. ಕಣ್ಣು ಮುಚ್ಚುವುದೇ ಇಲ್ಲವಂತೆ.

ಸಂಜೆ ಅಣ್ಣ ಫೋನು ಮಾಡಿದ. "ಎಲ್ಲಾ ಇಳದಾವಂತ ನೀನರ ಹೇಳವಾ. ನಿನ್ನ ಮಾತು ಕೇಳ್ತಾರ" ಎಂದು ಫೋನನ್ನು ಅಪ್ಪನ ಕಿವಿಗೆ ಹಿಡಿದ.

"ಎಲ್ಲಾ ಇಳದಾವ್ರಿ ಅಪ್ಪಾ, ಮಲ್ಕೋರಿ" ಎಂದೆ.

ಅಪ್ಪ ಕೇಳಿದರು, "ನೀಲಾ, ನೀನೂ ಇಳದಿ?"

"ಹೂನ್ರಿ ಅಪ್ಪಾ, ಇಳದೆ."

ದೀಪ ಆರಿಸಿದರು, ಅಪ್ಪ ಮಲಗಿದರು ಎಂದು ಅಣ್ಣ ಆಮೇಲೆ ಮೆಸೇಜು ಹಾಕಿದ. ನಾನಿನ್ನೂ ಈ ನಾಲ್ಕನೇ ಮಹಡಿಯ ಮನೆಯಲ್ಲೇ ಇದ್ದೇನೆ, ಇಳಿದಿಲ್ಲ.